ಎ. ನಾಗರಾಜ್ ಎಂದರೆ ಯಾರು

ಅನಿಲ, ಆ ಪತ್ರ ಬಂದದ್ದು ನಿನಗೆ. ನನಗಲ್ಲ. ಅದು ನನಗೆ ಆ ದಿನವೇ ಗೊತ್ತಿತ್ತು.

ಮೈಸೂರಿನಲ್ಲಿ ನಾವು ಎನ್. ಅರುಣ, ಎನ್. ಅನಿಲ. ಅಪ್ಪನ ಹೆಸರು ಬರೀ ಇನಿಷಿಯಲ್. ಅಮೆರಿಕಕ್ಕೆ ಬಂದಮೇಲೆ ಅಪ್ಪನ ಹೆಸರೇ ಸರ್‌ನೇಮ್ ಆಗಿ ನಮ್ಮ ಹೆಸರುಗಳು ಇನಿಷಿಯಲ್ ಆದವು. ನಾನೂ ಎ. ನಾಗರಾಜ್, ನೀನೂ ಎ. ನಾಗರಾಜ್. ಶಾಲೆಯಲ್ಲಿ ರಿಪೋರ್ಟ್ ಕಾರ್ಡು ಅದಲುಬದಲಾದಾಗಲೆಲ್ಲ ನಕ್ಕಿದ್ದೇವೆ — ನಿನ್ನ ಮಾರ್ಕ್ಸು ನನ್ನದಾದಾಗ ನಾನು ತುಸು ಹೆಚ್ಚೇ.

ಐಸ್ ಹಾಕಿಯಲ್ಲೂ ಇಬ್ಬರದೂ ಒಂದೇ ಕ್ಲಬ್. ಶಿಕಾಗೊ ಕಡೆಯ ಆ ವೃತ್ತಿಪರ ತಂಡ ತನ್ನ ತರಬೇತಿ ಶಿಬಿರಕ್ಕೆ ಕರೆದಾಗಲೂ ಲಕೋಟೆಯ ಮೇಲೆ ಇದ್ದದ್ದು ಅಷ್ಟೇ, ಎ. ನಾಗರಾಜ್. ಟ್ರಾಯ್ ಊರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಅಪ್ಪ ಅದನ್ನು ಒಡೆದು, "ಅರುಣ, ನಿಂಗೆ ಬಂದಿದೆ ಕಣೋ! ಪ್ರೊಫೆಷನಲ್ ಟೀಮು!" ಎಂದು ಕೂಗಿದರು. ಏನು ಬಂದರೂ ಮೊದಲು ದೊಡ್ಡವನಿಗೇ ಎಂಬುದು ಅವರ ಲೆಕ್ಕಾಚಾರ. ನಾನು ಪತ್ರ ಓದಿದೆ. ಎರಡನೇ ಸಾಲಿನಲ್ಲೇ ಇತ್ತು — ಲೆಫ್ಟ್ ವಿಂಗ್. ಎಡಗಡೆ ಆಡುತ್ತಿದ್ದವನು ನೀನು. ನಾನು ಯಾವತ್ತೂ ಬಲಗಡೆಯವನು.

"ಹೌದಪ್ಪ, ನಂದೇ," ಎಂದೆ.

ಯೋಚಿಸದೆ ಹೇಳಿಬಿಟ್ಟೆ ಎಂದು ಬರೆಯಲು ಹೊರಟಿದ್ದೆ — ಸುಳ್ಳು. ಪತ್ರ ಮಡಚುವಷ್ಟು ಹೊತ್ತು ಯೋಚಿಸಿದ್ದೆ. ನೀನು ಓಡಿಬಂದು ನನ್ನನ್ನು ಎತ್ತಿ ಕುಣಿಸಿದೆ, ನಿನ್ನ ಹೊಸ ಗ್ಲೌಸನ್ನೂ ನನ್ನ ಬ್ಯಾಗಿಗೆ ತುರುಕಿದೆ. ಆಗಲಾದರೂ ಹೇಳಬಹುದಿತ್ತು. ಹೊಟ್ಟೆಕಿಚ್ಚು ಕಣೋ. ನಿನ್ನನ್ನು ಕೈಹಿಡಿದು ಐಸ್ ಮೇಲೆ ಇಳಿಸಿದವನು ನಾನು, ಕೊನೆಗೆ ಅವರು ನೋಡಿದ್ದು ನಿನ್ನನ್ನು...

ಶಿಬಿರ ನಡೆದದ್ದು ಶಿಕಾಗೊ ಕಡೆಯ ಪ್ಲೇನ್‌ಫೀಲ್ಡ್ ಹತ್ತಿರದ ಐಸ್ ರಿಂಕ್‌ನಲ್ಲಿ. ಎರಡು ದಿನ ಎಡಗಡೆ ಆಡಿದೆ — ಆಡಿದೆ ಎನ್ನುವುದೂ ಜಾಸ್ತಿಯೇ. ಕೋಚ್ ತಮ್ಮ ಕೈಲಿದ್ದ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದರು. ಎರಡನೇ ಸಂಜೆ ಮನೆಗೆ ಕಳಿಸಿದರು. ಐದು ಗಂಟೆ ಡ್ರೈವ್ ಮಾಡಿಕೊಂಡು ಬರುವಾಗ, ಸದ್ಯ ಮುಗಿಯಿತು, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ಮುಗಿಯಲಿಲ್ಲ. ಬಾಗಿಲು ತೆರೆದ ನೀನು, "ನಿಂಗೇ ಆಗ್ಲಿಲ್ಲ ಅಂದ್ರೆ ನಂಗೆಲ್ಲಿ ಆಗತ್ತೆ ಬಿಡಣ್ಣ," ಎಂದೆ. ಆ ಚಳಿಗಾಲದಲ್ಲಿ ನೀನು ಆಟವನ್ನೇ ಬಿಟ್ಟೆ. ಓದಿನ ಕಡೆ ಮನಸ್ಸು ಬಂತು ಎಂದು ಎಲ್ಲರೂ ನಿನ್ನನ್ನು ಹೊಗಳಿದರು. ನಾನೂ ಹೊಗಳಿದೆ. ಇವತ್ತು ಡಿಯರ್‌ಬಾರ್ನ್‌ನಲ್ಲಿ ನೀನು ಒಳ್ಳೆಯ ಇಂಜಿನಿಯರ್, ನಿಜ — ಆದರೆ ಅದನ್ನು ಹೇಳಿಕೊಂಡು ನಾನು ಹಗುರಾಗಬಾರದು.

ಈಗ ಆ ತಂಡ ತನ್ನ ಇತಿಹಾಸದ ಪುಸ್ತಕ ತರುತ್ತಿದೆ. ಯಾವ ವರ್ಷ ಯಾರನ್ನು ಶಿಬಿರಕ್ಕೆ ಕರೆದಿದ್ದರು ಎಂಬ ಪಟ್ಟಿಯೂ ಅದರಲ್ಲಿ ಇರುತ್ತದಂತೆ. ಹೋದ ವಾರ ಅಪ್ಪನಿಗೆ ಇಮೇಲ್ ಬಂತು: ನಮ್ಮಲ್ಲಿ ಎ. ನಾಗರಾಜ್ ಎಂದಷ್ಟೇ ಇದೆ, ಪೂರ್ತಿ ಹೆಸರು ತಿಳಿಸಿ. ಅಪ್ಪ ಅದನ್ನು ನನಗೆ ಫಾರ್ವರ್ಡ್ ಮಾಡಿ, ಆಗಲೇ ದೇವಸ್ಥಾನದಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಆಗಿದೆ.

ಇವತ್ತು ಬೆಳಿಗ್ಗೆ ಉತ್ತರ ಬರೆದೆ: ನೀವು ಕರೆದದ್ದು ಅನಿಲ್ ನಾಗರಾಜ್‌ನನ್ನು, ಬಂದವನು ಅವನ ಅಣ್ಣ. ಅಪ್ಪನಿಗೆ ಭಾನುವಾರ ನಾನೇ ಹೇಳುತ್ತೇನೆ. ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ತಕ್ಷಣ ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ಗೊತ್ತು. ಒಂದು ಮಾತು ಮಾತ್ರ ನಿನಗೆ ತಲುಪಬೇಕು. ನಿನ್ನಿಂದ ಆಗುವುದಿಲ್ಲ ಎಂದು ನಿನಗೆ ಅನಿಸಿದ್ದು ನನ್ನ ಆಟದಿಂದ. ನಿನ್ನ ಆಟ ನೋಡಿದವರು ನಿನ್ನನ್ನು ಕರೆದಿದ್ದರು.