ಅಕ್ಕನ ಬ್ಯಾಟರಿಗೆ ಹಾಕಿದ ಪುಡಿ

ಬೀದಿಯವರೆಲ್ಲ ಅವನನ್ನು ಬ್ಯಾಟರಿ ಡಾಕ್ಟರು ಎಂದೇ ಕರೆಯುತ್ತಿದ್ದರು. ಆ ಹೆಸರು ಅವನ ತಲೆಗೇರಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ಹಿಂದೊಮ್ಮೆ ಸೊರಗಿದ ಸ್ಕೂಟರ್ ಬ್ಯಾಟರಿಗೆ ಎಪ್ಸಮ್ ಉಪ್ಪು ಕರಗಿಸಿದ ನೀರು ಹಾಕಿ, ನಿಧಾನವಾಗಿ ಚಾರ್ಜ್ ಮಾಡಿ ಬದುಕಿಸಿದ್ದ. ಅಂದಿನಿಂದ ಆ ಬಿಳಿ ಪುಡಿಯೇ ಅವನಿಗೆ ಎಲ್ಲ ರೋಗಕ್ಕೂ ಮದ್ದು.

ಅವನ ಅಕ್ಕನ ಮನೆಯ ಇನ್ವರ್ಟರ್ ಬ್ಯಾಟರಿ ಕೈಕೊಡತೊಡಗಿತು. ಕರೆಂಟು ಹೋದರೆ ಅಕ್ಕನಿಗೆ ಆಕ್ಸಿಜನ್ ಕೊಡುವ ಯಂತ್ರ ಓಡಬೇಕಾದದ್ದು ಅದರಿಂದಲೇ. ಅಕ್ಕನ ಮಗ ಹೊಸದು ತರಲು ಹೊರಟ.

"ನಾನಿರೋವಾಗ ಹೊಸದು ಯಾಕೋ?" ಎಂದು ಇವನು ತಡೆದ.

"ಮಾವ, ಇದ್ರಲ್ಲಿ ಪ್ರಯೋಗ ಬೇಡ."

"ನನ್ ತಮ್ಮ ನೋಡ್ಕೋತಾನೆ ಬಿಡು," ಎಂದಳು ಅಕ್ಕ.

ಪುಡಿ ಬಿತ್ತು. ಚಾರ್ಜ್ ಎಷ್ಟಿದೆಯೆಂದು ನೋಡಲು ಬ್ಯಾಟರಿ ನೀರಿನಲ್ಲಿ ತೇಲಿಬಿಡುವ ಹೈಡ್ರೋಮೀಟರಿನ ಕಡ್ಡಿ ಮೇಲೇರಿತು, ಅದರ ಜೊತೆ ಇವನ ಹುಬ್ಬೂ. ಆದರೆ ಬ್ಯಾಟರಿ ಮೊದಲಿನಷ್ಟು ಹೊತ್ತೂ ನಿಲ್ಲಲಿಲ್ಲ. ಇನ್ನಷ್ಟು ಪುಡಿ ಹಾಕಿದ. ಕಡ್ಡಿ ಇನ್ನೂ ಏರಿತು, ಬ್ಯಾಟರಿ ಇನ್ನೂ ಬೇಗ ಮಲಗಿತು. ಇನ್ವರ್ಟರನ್ನು ಬೈದ, ವೈರನ್ನು ಬೈದ, ನೀರು ಮಾರಿದವನನ್ನೂ ಬಿಡಲಿಲ್ಲ. ಅಳತೆ ಸರಿಯಿದ್ದರೂ ಈ ಹಾಳಾದ್ದಕ್ಕೆ ಏನು ದಾಡಿ ಎಂದು ಅವನಿಗೆ ತಲೆ ಚಿಟ್ಟುಹಿಡಿದುಹೋಯಿತು.

ಒಂದು ಮಧ್ಯಾಹ್ನ ಅವನು ಅಲ್ಲೇ ಕೂತಿದ್ದಾಗ ಕರೆಂಟು ಹೋಯಿತು. ಯಂತ್ರ ಸ್ವಲ್ಪ ಹೊತ್ತು ಓಡಿ, ಕುಂಯ್ ಎಂದು ಕೂಗಿ ನಿಂತಿತು. ಅಕ್ಕ ಮಂಚದ ಅಂಚು ಹಿಡಿದು ಬಾಯಿಂದ ಉಸಿರೆಳೆಯತೊಡಗಿದಳು. ಉಪ್ಪು ಬಿದ್ದ ನೀರು ಮಂದವಾಗುತ್ತದೆ, ಮಂದವಾದ ನೀರಿನಲ್ಲಿ ಕಡ್ಡಿ ಏರಿಯೇ ಏರುತ್ತದೆ, ಅದಕ್ಕೂ ಚಾರ್ಜಿಗೂ ಸಂಬಂಧವಿಲ್ಲ. ಇಷ್ಟು ಆಗ ಅವನಿಗೆ ಹೊಳೆಯಿತು. ಥೂ ನಿನ್ನ ಎಂದು ತನ್ನನ್ನೇ ಉಗಿದುಕೊಂಡು ಹೊರಗೋಡಿದ. ಬಾಗಿಲಲ್ಲಿ ನಿಂತಿದ್ದ ತನ್ನ ಸರಕಿನ ವ್ಯಾನಿನ ಬ್ಯಾಟರಿ ಬಿಚ್ಚಿ ತಂದು, ಇನ್ವರ್ಟರಿನ ವೈರು ಸಿಕ್ಕಿಸಿದ. ಯಂತ್ರ ಮತ್ತೆ ಗುಂಯ್‌ಗುಟ್ಟಿತು.

ಉಸಿರು ಹತೋಟಿಗೆ ಬಂದ ಮೇಲೆ ಅಕ್ಕ ಕೇಳಿದಳು: "ಇದು ಎಲ್ಲಿಂದ ತಂದ್ಯೋ?"

"ನನ್ ಗಾಡೀದು."

"ಇದಕ್ಕೂ ಪುಡಿ ಹಾಕಿದ್ಯಾ?"

"ಇಲ್ಲಕ್ಕ."

"ಯಾಕೆ?"

ಸರಕು ತುಂಬಿದ ಗಾಡಿ ನಡುದಾರಿಯಲ್ಲಿ ನಿಂತರೆ ಎಂಬ ಭಯಕ್ಕೆ ಹಾಕಿರಲಿಲ್ಲ. ಅದನ್ನು ಯಾವ ಬಾಯಿಂದ ಹೇಳುವುದು? ಅವನು ತಲೆ ತಗ್ಗಿಸಿ, ಬಿಗಿಯಾಗಿಯೇ ಇದ್ದ ನಟ್ಟನ್ನು ಮತ್ತೆ ಬಿಗಿಮಾಡುತ್ತ ಕೂತ.