ಗುಡ್ಡ ಎಡಕ್ಕಿರಲಿ

ದರ್ಜಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಇದು ಚಾಡಿಯಲ್ಲ, ಬೀದಿಯೆಲ್ಲ ಒಪ್ಪಿದ ಸಂಗತಿ. ಅವನ ಹೆಂಡತಿಯೂ ಒಪ್ಪಿದ್ದಳು. ಒಬ್ಬರ ಸೊಂಟ ಅಳೆದು ಅವನು ಕೂಗಿದ ಸಂಖ್ಯೆ ಒಳಕೋಣೆಯಲ್ಲಿ ಬರೆದುಕೊಳ್ಳುವ ಹೆಂಡತಿಗೆ ಮುಟ್ಟುವ ಮೊದಲೇ ಎದುರು ಸಾಲಿನ ಔಷಧಿ ಅಂಗಡಿಯನ್ನು ಮುಟ್ಟುತ್ತಿತ್ತು. ಬ್ಯಾಂಕಿನ ಕ್ಯಾಷಿಯರ್ ಒಂದೇ ವರ್ಷದಲ್ಲಿ ದಪ್ಪಗಾದದ್ದು ಹೀಗೆ ಬಯಲಾಗಿ, ಅವನಿಗೆ ‘ಮೂರಿಂಚು’ ಎಂಬ ಹೆಸರೇ ನಿಂತುಬಿಟ್ಟಿತು. ಇಟ್ಟವನು ದರ್ಜಿಯೇ. ಅವನು ಇಟ್ಟ ಹೆಸರು ಗಟ್ಟಿ ಹೊಲಿಗೆಯ ಹಾಗೆ, ಬಿಚ್ಚಲು ಬರುತ್ತಿರಲಿಲ್ಲ.

ಇಂಥವನಿಗೆ ಬೆಟ್ಟದ ಹುಚ್ಚು. ವರ್ಷಕ್ಕೆ ನಾಲ್ಕು ಭಾನುವಾರ ಬೀದಿಯ ಹತ್ತು ಹನ್ನೆರಡು ಮಂದಿಯನ್ನು ಬೆಳಗಿನ ಬಸ್ಸಿಗೆ ಹತ್ತಿಸಿ, ರಾಷ್ಟ್ರೀಯ ಉದ್ಯಾನದಲ್ಲಿ ಗುಡ್ಡ ಸುತ್ತಿಸಿ, ಸಂಜೆಯ ಬಸ್ಸಿಗೆ ವಾಪಸು ತರುತ್ತಿದ್ದ. ಅಂಗಿಯ ಮಾದರಿ ಕತ್ತರಿಸುವ ಕಂದು ಕಾಗದವನ್ನು ಇಸ್ತ್ರಿ ಮೇಜಿನ ಹಿಂದಿನ ಗೋಡೆಗೆ ಅಂಟಿಸಿ ದಾರಿ ಬರೆಯುವನು: ಎಲ್ಲಿ ಏರು, ಎಲ್ಲಿ ನೆರಳು, ಎಲ್ಲಿ ಜಾರುವ ಕಲ್ಲು, ಎಲ್ಲಿ ಬುತ್ತಿ ಬಿಚ್ಚುವುದು. ಬರುವವರೆಲ್ಲ ಮೊದಲು ಅವನ ಮುಂದೆ ನಿಂತು ಕಾಲಿನ ಅಳತೆ ಕೊಡಬೇಕು.

“ಕಾಲು ಗೊತ್ತಾದ್ರೆ ಹೆಜ್ಜೆ ಗೊತ್ತಾಗುತ್ತೆ, ಹೆಜ್ಜೆ ಗೊತ್ತಾದ್ರೆ ಹೊತ್ತು ಗೊತ್ತಾಗುತ್ತೆ” ಎನ್ನುವನು. ಗಿಡ್ಡ ಕಾಲಿನವರು ಮುಂದೆ, ಉದ್ದ ಕಾಲಿನವರು ಹಿಂದೆ. ಇದೊಂದು ಶಾಸ್ತ್ರವೇ ಎಂದು ನಗಬಹುದು. ಆದರೆ ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಅವರಿಗೆ ಬಸ್ಸು ತಪ್ಪಿರಲಿಲ್ಲ.

ಗ್ರಂಥಾಲಯದ ಮೇಡಂಗೆ ಬೆಟ್ಟ ಬೇಕಿತ್ತು, ಟೇಪು ಬೇಡವಾಗಿತ್ತು. ಅವಳ ಎಡಗಾಲು ಬಲಗಾಲಿಗಿಂತ ಮುಕ್ಕಾಲು ಇಂಚು ಗಿಡ್ಡ. ಹಿಂದಿನ ಊರಿನಲ್ಲಿ ಶಾಲೆಯಿಂದ ಕಚೇರಿಯವರೆಗೂ ಅವಳು ‘ಕುಂಟಕ್ಕ’. ಇಲ್ಲಿಗೆ ವರ್ಗವಾಗಿ ಬಂದ ಮೇಲೆ ಮೊದಲ ಬಾರಿಗೆ ಬರೀ ‘ಲೈಬ್ರರಿ ಮೇಡಂ’ ಆಗಿದ್ದಳು. ಅದನ್ನು ಉಳಿಸಿಕೊಳ್ಳಲು ಎಡ ಬೂಟಿನೊಳಗೆ ರಟ್ಟಿನ ಪದರ ಇಡುತ್ತಿದ್ದಳು. ಪ್ಯಾಂಟಿನ ಅಂಚನ್ನು ಬಾಗಿಲು ಹಾಕಿಕೊಂಡು ತಾನೇ ಹೊಲಿದುಕೊಳ್ಳುತ್ತಿದ್ದಳು. ಅರ್ಧ ಗಂಟೆ ನಡೆದರೆ ರಟ್ಟು ಜಜ್ಜಿ ಹೋಗಿ ಸೊಂಟ ಹಿಡಿಯುತ್ತಿತ್ತು. ಆದರೆ ಗ್ರಂಥಾಲಯದ ಕಿಟಕಿಯಿಂದ ಆ ಗುಡ್ಡವನ್ನು ಮೂರು ವರ್ಷ ನೋಡಿದ್ದಳು. ನೋಡಿದ್ದು ಸಾಕೆನಿಸಿ ಒಂದು ಸಂಜೆ ಅಂಗಡಿ ಮೆಟ್ಟಿಲು ಹತ್ತಿದಳು.

“ಬೂಟು ಬಿಚ್ಚಿ ನೆಟ್ಟಗೆ ನಿಲ್ಲಿ ಮೇಡಂ. ಪುಸ್ತಕ ಓದೋರು ನಿಂತಾಗ್ಲೂ ಓದ್ತಾ ಇರೋ ಹಾಗೆ ಬಗ್ಗಿರ್ತಾರೆ.” ದರ್ಜಿ ಬಲಗಡೆ ಸೊಂಟದಿಂದ ನೆಲದವರೆಗೆ ಟೇಪು ಇಳಿಬಿಟ್ಟು ಕೂಗಿದ: “ಮೂವತ್ತೆಂಟು!”

ಎಡಗಡೆಗೆ ಬಂದ. ಅಳೆದ. ಇನ್ನೊಮ್ಮೆ ಅಳೆದ. ಅವಳು ಮೇಜಿನ ಮೇಲಿನ ಕತ್ತರಿಯನ್ನೇ ನೋಡುತ್ತ ನಿಂತಳು.

“ಇನ್ನೊಂದು ಕಾಲು ಎಷ್ಟ್ರೀ?” ಒಳಗಿನಿಂದ ಹೆಂಡತಿ.

“ಎಷ್ಟಿರುತ್ತೆ? ಅಷ್ಟೇ! ಕಾಲೇನು ಒಂದೊಂದು ಅಂಗಡೀಲಿ ಒಂದೊಂದು ತಗೊಂಡಿರ್ತಾರಾ?”

ಮನೆಗೆ ಬಂದ ಮೇಲೂ ಅವಳಿಗೆ ನೆಮ್ಮದಿಯಿಲ್ಲ. ಅವನಿಗೆ ಟೇಪು ಓದಲು ಬಾರದೆ? ಮೂವತ್ತು ವರ್ಷದ ಕಸುಬು, ಬಾರದೇನು. ಹಾಗಾದರೆ ಮಾತನ್ನು ಬಸ್ಸು ತುಂಬಲಿ ಎಂದು ಕೂಡಿಟ್ಟುಕೊಂಡಿದ್ದಾನೆ. ಎರಡು ಬಾರಿ ಬರುವುದಿಲ್ಲವೆಂದು ಹೇಳಿಕಳಿಸಲು ಹೊರಟು, ಎರಡು ಬಾರಿಯೂ ಗ್ರಂಥಾಲಯದ ಕಿಟಕಿಯಿಂದ ಗುಡ್ಡ ನೋಡಿ ಸುಮ್ಮನಾದಳು.

ಭಾನುವಾರ ಬಸ್ಸಿನಲ್ಲಿ ಅವಳು ಕೊನೆಯ ಸೀಟು ಹಿಡಿದಳು. ದರ್ಜಿ ಮುಂದೆ ನಿಂತು ಒಬ್ಬೊಬ್ಬರ ಮಾನವನ್ನೂ ಹರಾಜಿಗೆ ಹಾಕುತ್ತ ಬಂದ. ವಿದ್ಯುತ್ ಕೆಲಸದ ತನ್ನ ಭಾಮೈದ ಕಂಬ ಹತ್ತುವಾಗ ಪ್ಯಾಂಟು ಎಲ್ಲಿ ಹರಿಯಿತು ಎಂಬುದನ್ನಂತೂ ಕೈ ತೋರಿಸಿಯೇ ಹೇಳಿದ. ಅವಳ ಸೀಟಿನ ಹತ್ತಿರ ಬಂದಾಗ ಅವಳು ಎಡ ಬೂಟನ್ನು ಸೀಟಿನಡಿಗೆ ಎಳೆದುಕೊಂಡಳು. “ಮೇಡಂ, ನೀರು ತಂದಿದೀರಾ?” ಎಂದಷ್ಟೇ ಕೇಳಿ ಹೋದ.

ಉದ್ಯಾನದ ಗೇಟು ದಾಟಿದರೆ ಹಾದಿ ಎರಡಾಗುತ್ತದೆ. ಫಲಕದ ಬಾಣ ಒಂದು ಕಡೆ. ದರ್ಜಿ ಇನ್ನೊಂದು ಕಡೆ ಹೊರಟ.

“ಆ ಕಡೆ ಅಲ್ಲಪ್ಪಾ, ಎಲ್ಲಾರೂ ಇತ್ಲಾಗಿಂದ ಸುತ್ತಾರೆ” ಎಂದ ಗೇಟಿನ ಕಾವಲಿನವನು.

“ನಾವು ಎಲ್ಲಾರೂ ಅಲ್ಲ.”

“ಭಾವ, ತಲೆ ನೆಟ್ಟಗಿದೆಯಾ?” ಭಾಮೈದ ಸಿಡಿದ. “ಹಿಂಗೆ ಹೋದ್ರೆ ಬಿಸಿಲೆಲ್ಲ ಮುಖಕ್ಕೆ. ಕೆರೆ ಕೊನೆಗೆ. ಬುತ್ತಿ ಎಲ್ಲಿ ತಿನ್ನೋದು, ಬೋಳು ಬಂಡೆ ಮೇಲಾ?”

“ಬಂಡೆ ಮೇಲೇ ತಿನ್ನು. ಬಂಡೆ ಏನು ನಿನ್ನ ಕೈಯಿಂದ ಕಿತ್ಕೊಳ್ಳುತ್ತಾ?”

“ಯಾಕೆ ಅಂತನಾದ್ರೂ ಹೇಳಿ.”

“ಗುಡ್ಡ ಎಡಕ್ಕಿರಲಿ, ಅಷ್ಟೆ. ನಡಿ.”

ಗೊಣಗುತ್ತಲೇ ಎಲ್ಲರೂ ನಡೆದರು. ಗುಡ್ಡದ ಮೈಯನ್ನು ಕೊರೆದು ಮಾಡಿದ ಹಾದಿ, ಕಣಿವೆಯ ಕಡೆಗೆ ಉದ್ದಕ್ಕೂ ವಾಲಿತ್ತು. ಅವಳು ಸೊಂಟದ ನೋವಿಗೆ ಕಾದಳು, ಹೇಳಿದ ಹೊತ್ತಿಗೆ ತಪ್ಪದೆ ಬರುವ ನೆಂಟನಿಗೆ ಕಾಯುವ ಹಾಗೆ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು, ನೆಂಟನ ಸುಳಿವಿಲ್ಲ. ಕೆಳಗೆ ಮರಗಳ ತಲೆಗಳು, ಅವುಗಳಾಚೆ ನೀಲಿ ಸಾಲು ಸಾಲು ಬೆಟ್ಟ. ಬಿಸಿಲು ಕಣ್ಣಿಗೆ ಚುಚ್ಚುತ್ತಿದ್ದರೂ ಅವಳಿಗೆ ಹಾಡು ಗುನುಗುವಷ್ಟು ಖುಷಿಯಾಯಿತು. ಗುನುಗಿದಳು ಕೂಡ.

ಆಗಲೇ ಗಾಳಿಗೆ ಅವಳ ಟೋಪಿ ಹಾರಿ ಹಿಂದಕ್ಕೆ ಹೋಯಿತು. ತರಲು ತಿರುಗಿ ಇಪ್ಪತ್ತು ಹೆಜ್ಜೆ ನಡೆದಳು. ಈಗ ಗುಡ್ಡ ಬಲಕ್ಕೆ. ಎಡಗಾಲು ಪ್ರತಿ ಹೆಜ್ಜೆಗೂ ಗುಂಡಿಗೆ ಬಿದ್ದಂತಾಗಿ ಸೊಂಟದಲ್ಲಿ ಚಳುಕು ಹೊಡೆಯಿತು. ಟೋಪಿ ಎತ್ತಿಕೊಂಡು ಮತ್ತೆ ಮುಂದಕ್ಕೆ ತಿರುಗಿದಳು, ನೋವಿಲ್ಲ. ಅವಳು ಅಲ್ಲೇ ನಿಂತು ಕಾಲ ಕೆಳಗಿನ ನೆಲ ನೋಡಿದಳು. ಎಡಗಾಲಿನಡಿ ನೆಲ ಎತ್ತರ, ಬಲಗಾಲಿನಡಿ ತಗ್ಗು. ಕಮ್ಮಿಯಿದ್ದ ಮುಕ್ಕಾಲು ಇಂಚನ್ನು ಗುಡ್ಡವೇ ತುಂಬಿಕೊಡುತ್ತಿತ್ತು. ದರ್ಜಿ ಟೇಪನ್ನು ಸರಿಯಾಗಿಯೇ ಓದಿದ್ದ.

ಅಂದರೆ ಅವನಿಗೆ ಗೊತ್ತು. ಇಷ್ಟು ಹೊತ್ತಿನ ಖುಷಿಯ ಕೆಳಗೆ ಹಳೆಯ ಹೆದರಿಕೆ ಮತ್ತೆ ಎದ್ದು ಕೂತಿತು.

ಕೆರೆ ಸಿಕ್ಕಾಗ ಮಧ್ಯಾಹ್ನ ಕಳೆದಿತ್ತು. ಎಲ್ಲರ ಮುಖವೂ ಇಸ್ತ್ರಿ ಪೆಟ್ಟಿಗೆ ತಾಗಿದಂತೆ ಕೆಂಪು. ನೀರಿಗೆ ಕಾಲು ಇಳಿಬಿಟ್ಟು ಕೂತ ಭಾಮೈದ ಪಂಚಾಯಿತಿ ತೆರೆದ.

“ಈಗ ಹೇಳಿ ಭಾವ, ಯಾರ ಸುಖಕ್ಕೆ ನಮ್ಮನ್ನ ಹಿಂಗೆ ಸುಟ್ಟಿದ್ದು?”

“ನಿಮ್ಮ ಹೊಟ್ಟೇಲಿ ಏನೋ ಇದೆ ರೀ” ಎಂದಳು ಹೆಂಡತಿ. “ಎಂಟು ದಿನದಿಂದ ನೋಡ್ತಿದೀನಿ. ಕಕ್ಕಿಬಿಡಿ, ಹಗುರಾಗುತ್ತೆ.”

ಹನ್ನೊಂದು ಮುಖಗಳು ಅವನ ಕಡೆ ತಿರುಗಿದವು. ಗ್ರಂಥಾಲಯದ ಮೇಡಂ ಮಾತ್ರ ನೀರು ನೋಡುತ್ತಿದ್ದಳು. ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಅರ್ಧಕ್ಕೇ ನಿಂತಿತ್ತು.

ದರ್ಜಿ ಕತ್ತು ಕೆರೆದುಕೊಂಡ. “ಕಾಗದ ಮಗುಚಿ ಹಾಕಿ ದಾರಿ ಎಳೆದುಬಿಟ್ಟಿದ್ದೆ ಕಣ್ರೋ. ಬಲತೋಳು ಕತ್ತರಿಸೋಕೆ ಹೋಗಿ ಎಡತೋಳು ಕತ್ತರಿಸಿದ ಹಾಗೆ. ಗೇಟಿನ ಹತ್ರ ಬಂದಾಗ್ಲೇ ಗೊತ್ತಾಗಿದ್ದು. ಮರ್ಯಾದೆ ಹೋಗುತ್ತಲ್ಲಾ ಅಂತ ಸುಮ್ನಿದ್ದೆ.”

ಕೆರೆಯ ಹಕ್ಕಿಗಳೆಲ್ಲ ಎದ್ದು ಹಾರುವಷ್ಟು ನಗು.

“ಎಡತೋಳು ಮಾಸ್ಟ್ರೇ!” ಕ್ಯಾಷಿಯರ್ ಹೊಟ್ಟೆ ಹಿಡಿದುಕೊಂಡು ಕೂಗಿದ, ಇಂಥ ದಿನಕ್ಕಾಗಿ ಅವನು ವರ್ಷವಿಡೀ ಕಾದಿದ್ದ. “ನನ್ನ ಹೊಸ ಅಂಗಿ ಬೇರೆ ಕಡೆ ಕೊಡ್ತೀನಪ್ಪ, ನಿಮ್ಮನ್ನ ನಂಬಿದ್ರೆ ಗುಂಡಿ ಬೆನ್ನಿಗೆ ಬರುತ್ತೆ!”

“ನಂದೂ!” ಎಂದ ಭಾಮೈದ.

ಹೆಂಡತಿ ಮಾತ್ರ ನಗಲಿಲ್ಲ. ಹುಬ್ಬು ಗಂಟಿಕ್ಕಿದಳು. “ಅಲ್ಲಾ ರೀ, ಕಾಗದ ಅಂಟಿಸಿದ್ದು ನಾನು. ಸರಿಯಾಗೇ ಇತ್ತಲ್ಲಾ...”

ದರ್ಜಿ ಬುತ್ತಿಯಲ್ಲಿ ಉಳಿದಿದ್ದ ದಪ್ಪ ಬ್ರೆಡ್ಡಿನ ತುಂಡನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು, ಏಳಿ ಏಳಿ, ಬಸ್ಸಿಗೆ ಹೊತ್ತಾಯಿತೆಂದು ಎರಡೂ ಕೈ ಬೀಸಿ ಸನ್ನೆ ಮಾಡುತ್ತ ಮುಂದೆ ನಡೆದ.