ಅಣ್ಣನ ಲಾರಿಯ ಕೆಳಗೆ

ಕಳೆದ ಭಾನುವಾರ ನಾನು ಒಂದು ಟ್ರೈಲರ್ ಬಾಡಿಗೆಗೆ ಹಿಡಿದೆ.

ಮದುವೆಗೆ ಜೀಪು, ಮನೆ ಬದಲಿಸಲು ಟೆಂಪೊ ಹಿಡಿದ ಅನುಭವ ತಮ್ಮಲ್ಲಿ ಅನೇಕರಿಗೆ ಇದ್ದೀತು. ಟ್ರೈಲರ್ ಹಿಡಿದವರು ವಿರಳ. ರಸ್ತೆ ಕೆಲಸದ ಕಂಟ್ರಾಕ್ಟರರು ರೋಡ್ ರೋಲರನ್ನು ಊರಿಂದೂರಿಗೆ ಸಾಗಿಸುವುದು ಇದರ ಮೇಲೆಯೇ. ಉದ್ದನೆಯ, ತಗ್ಗಾದ, ಗೋಡೆಗಳಿಲ್ಲದ ಗಾಡಿ. ಅದನ್ನು ಎಳೆಯಲು ಮುಂದೊಂದು ಎಂಜಿನ್. (ಇದಕ್ಕೆ ಸರಿಯಾದ ಕನ್ನಡ ಶಬ್ದ ಯಾವುದೆಂದು ನಿಘಂಟು ತೆರೆದು ನೋಡಿದೆ. ಸಮಾಧಾನವಾಗುವಂಥದ್ದು ಸಿಗಲಿಲ್ಲ. ಬಲ್ಲವರು ತಿಳಿಸಿದರೆ ಉಪಕಾರ.)

ಅದರ ಮೇಲೆ ಬರಬೇಕಾಗಿದ್ದುದು ನನ್ನ ಅಣ್ಣನ ಲಾರಿ. ಮುಳ್ಳೇರಿಯದ ಒಂದು ಮರದ ಮಿಲ್ಲಿನ ಅಂಗಳದಿಂದ ಪುತ್ತಿಗೆಯ ನಮ್ಮ ಮನೆಗೆ.

ಮೂತಿ ಮುಂದಕ್ಕೆ ಚಾಚಿದ, ಹಳೆಯ ಕಾಲದ ದೊಡ್ಡ ಲಾರಿ. ಎರಡು ವರ್ಷಗಳಿಂದ ಅಲ್ಲಿಯೇ ನಿಂತಿತ್ತು. ಟಯರುಗಳು ಬಿರಿದಿದ್ದವು. ಎಡಗಡೆಯ ಮುಂದಿನ ಚಕ್ರ ವಾಲಿಕೊಂಡಿತ್ತು. ಹಗ್ಗ ಕಟ್ಟಿ ಎಳೆದು ತರುವ ಸ್ಥಿತಿ ಇರಲಿಲ್ಲ. ಮಿಲ್ಲಿನ ಯಜಮಾನರು ಸಜ್ಜನರು. ಇಷ್ಟು ಕಾಲ ಒಂದು ಮಾತೂ ಆಡಿರಲಿಲ್ಲ. ಈಗ ಹೊಸ ಯಂತ್ರ ಬರುವುದಿದೆ, ಜಾಗ ಬೇಕು ಎಂದು ಹೇಳಿಕಳುಹಿಸಿದರು. ಗುಜರಿಯವನಿಗೆ ಕೊಟ್ಟುಬಿಡೋಣ ಎಂದು ನಾನು ಹೇಳಿದೆ. ಅಣ್ಣ ಒಪ್ಪಲಿಲ್ಲ.

"ಮನೆಗೆ ಬರಲಿ. ಹೇಗೆ ಉಂಟೋ ಹಾಗೆಯೇ ಬರಲಿ" ಎಂದ.

ಆ ಲಾರಿಯ ವಿಚಾರವನ್ನು ನಾನು ಇದುವರೆಗೆ ಈ ಅಂಕಣದಲ್ಲಿ ಬರೆದಿಲ್ಲ. ಬರೆಯುವ ಧೈರ್ಯ ಇರಲಿಲ್ಲವೆಂಬುದೇ ನಿಜ.

ಅಣ್ಣ ಸುಂದರ ಓದಿದ್ದು ಐದನೆಯ ತರಗತಿ. ಹದಿನಾರು ವರ್ಷ ಆ ಲಾರಿಯಲ್ಲಿ ಕೆಂಪುಕಲ್ಲು ಹೇರಿದ. ಉಪ್ಪಳದ ಸುತ್ತಮುತ್ತ ಗಲ್ಫಿನ ದುಡ್ಡಿನಲ್ಲಿ ಎದ್ದ ಎಷ್ಟು ಮನೆಗಳ ಗೋಡೆಗೆ ಅವನು ಕಲ್ಲು ಇಳಿಸಿದ್ದಾನೋ ಅವನಿಗೇ ನೆನಪಿಲ್ಲ. ನನ್ನ ಬಿ.ಎ. ಮತ್ತು ಬಿ.ಎಡ್. ಎರಡೂ ಆ ಲಾರಿಯ ದುಡಿಮೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು.

ಎರಡು ವರ್ಷಗಳ ಹಿಂದೆ, ಮುಳ್ಳೇರಿಯಕ್ಕೆ ಇಳಿಯುವ ಒಂದು ಇಳಿಜಾರಿನಲ್ಲಿ ಕಲ್ಲು ತುಂಬಿದ ಲಾರಿ ಹತೋಟಿ ತಪ್ಪಿತು. ಅಣ್ಣ ಅದನ್ನು ರಸ್ತೆಯ ಬದಿಯ ಮಣ್ಣುಗೋಡೆಯಂಥ ಬರೆಗೆ ಗುದ್ದಿಸಿ ನಿಲ್ಲಿಸಿದ. ದಾರಿಯಲ್ಲಿ ನಡೆದು ಬರುತ್ತಿದ್ದ ಒಬ್ಬರ ಕಾಲು ಮುರಿಯಿತು. (ಅವರು ಗುಣಮುಖರಾಗಿದ್ದಾರೆ, ನಡೆಯುತ್ತಾರೆ. ಅದೊಂದು ದೇವರ ದಯೆ.)

ಮಟಮಟ ಮಧ್ಯಾಹ್ನದ ಹೊತ್ತು. ಊಟವಾದ ಮೇಲಿನ ಸಮಯ. ಡ್ರೈವರ್ ತೂಕಡಿಸಿದ್ದಾನೆ ಎಂದು ಯಾರೋ ಹೇಳಿದರು. ಸಂಜೆಯೊಳಗೆ ಎಲ್ಲರೂ ಹೇಳಿದರು.

"ನಿದ್ರೆ ಅಲ್ಲ. ಬ್ರೇಕ್ ಪೈಪ್ ಒಡೆದದ್ದು. ಪೆಡಲ್ ಒತ್ತಿದರೆ ಸೀದಾ ತಳಕ್ಕೆ ಹೋಯಿತು" ಎಂದ ಅಣ್ಣ. ಹಣೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದ ಮರುದಿನವೇ ಅವನು, ಹತ್ತಿರದ ಮಿಲ್ಲಿನ ಅಂಗಳಕ್ಕೆ ದೂಡಿ ಹಾಕಿದ್ದ ಲಾರಿಯ ಕೆಳಗೆ ನುಸುಳಿ ನೋಡಿ ಬಂದಿದ್ದ. ನನ್ನನ್ನೂ ಕರೆದ. "ಸಂಜೀವ, ನೀನು ಒಮ್ಮೆ ಬಂದು ನೋಡು ಮಾರಾಯ."

ನಾನು ಹೋಗಲಿಲ್ಲ. "ನೋಡಿದರೆ ನನಗೆ ಎಂತ ಗೊತ್ತಾಗುತ್ತದೆ? ನಾನು ಮೆಕ್ಯಾನಿಕ್ಕಾ?" ಎಂದೆ.

ನಾನು ಆಗ ಹೈಸ್ಕೂಲಿಗೆ ಅಧ್ಯಾಪಕನಾಗಿ ಸೇರಿ ನಾಲ್ಕು ತಿಂಗಳಾಗಿತ್ತು. ಪೊಲೀಸ್, ಕೋರ್ಟು, ಸಮನ್ಸ್ ಎಂಬ ಶಬ್ದಗಳು ಸ್ಟಾಫ್ ರೂಮಿನವರೆಗೆ ಬಂದಾವೆಂಬ ಭಯ ನನ್ನದು. ಒಬ್ಬ ಲಾಯರನ್ನು ಕಂಡೆವು. ವಾದಿಸಿದರೆ ವರ್ಷಗಟ್ಟಲೆ ಅಲೆಯಬೇಕು, ಒಪ್ಪಿಕೊಂಡರೆ ದಂಡ ಕಟ್ಟಿ ಒಂದೇ ದಿನದಲ್ಲಿ ಮುಗಿಯುತ್ತದೆ ಎಂದರು. ಇಂಥ ಕೇಸುಗಳಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ ಅಂತೆ. ಅಣ್ಣ ನನ್ನ ಮುಖ ನೋಡಿದ. ನಾನು ಆಯ್ಕೆ ಮಾಡಿದೆ.

"ಕೇಳಿದಾಗ ಹೌದು ಎಂದು ಮಾತ್ರ ಹೇಳು. ಮತ್ತೆ ಒಂದೂ ಮಾತಾಡಬೇಡ" ಎಂದು ಕೋರ್ಟಿನ ವರಾಂಡದಲ್ಲಿ ಅವನಿಗೆ ಕಲಿಸಿದೆ. ಕಲಿಸುವುದೇ ತಾನೇ ನನ್ನ ವೃತ್ತಿ?

ಅಜಾಗರೂಕತೆಯಿಂದ ಓಡಿಸಿದ್ದು ಹೌದೇ ಎಂದು ಕೇಳಿದರು. ಅಣ್ಣ ಹೌದು ಎಂದ. ಮುಗಿಯಿತು.

ಮುಗಿದದ್ದು ನನಗೆ. ಒಪ್ಪಿಕೊಂಡವನ ಲಾರಿಯ ಬ್ರೇಕನ್ನು ಬಿಚ್ಚಿ ನೋಡುವ ಅಗತ್ಯ ಮತ್ತೆ ಯಾರಿಗೂ ಬೀಳಲಿಲ್ಲ. ಕೋರ್ಟಿನಲ್ಲಿ ಅವನೇ ಒಪ್ಪಿದ್ದಾನಲ್ಲ ಎಂಬ ಮಾತು ಕಲ್ಲು ಕಡಿಯುವ ಕೋರೆಯಿಂದ ಕೋರೆಗೆ ಹೋಯಿತು. ನಿದ್ರೆ ಹೋಗುವ ಡ್ರೈವರನಿಗೆ ತನ್ನ ಗಾಡಿಯ ಕೀ ಯಾವ ಮಾಲೀಕ ಕೊಡುತ್ತಾನೆ? ಸ್ವಂತ ಲಾರಿಯನ್ನು ರಿಪೇರಿ ಮಾಡಿಸು ಎಂದರೆ ಅಣ್ಣ ಮಾಡಿಸಲಿಲ್ಲ. ನನಗೆ ಅದು ಹಟವೆಂದು ಕಂಡಿತು. ಹದಿನಾರು ವರ್ಷ ಕಲ್ಲು ಸಾಗಿಸಿದವನು ಎರಡು ವರ್ಷ ಅದೇ ಕೋರೆಗಳಲ್ಲಿ ಕಲ್ಲು ಹೊತ್ತ.

ಇನ್ನು ಭಾನುವಾರಕ್ಕೆ ಬರುತ್ತೇನೆ.

ಟ್ರೈಲರಿನ ಡ್ರೈವರ್ ಹಮೀದ್. ಐವತ್ತು ದಾಟಿದ, ಬಾಯಿ ತುಂಬ ಮಾತಿನ ಮನುಷ್ಯ. ನಾನು ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿದಾಗಲೇ ನನ್ನನ್ನು ತಮಾಷೆ ಮಾಡಿದ್ದರು. "ರೋಲರಿಗಿಂತ ಭಾರ ಉಂಟಾ ಮಾಷ್ಟ್ರೇ? ಇಲ್ಲವಲ್ಲ? ಹಾಗಾದರೆ ಹೆದರಬೇಡಿ. ನೀವು ಫೋನಿನಲ್ಲೇ ಬೆವರುವುದು ಇಲ್ಲಿಗೆ ಕೇಳುತ್ತದೆ."

ಮಿಲ್ಲಿನ ಅಂಗಳದಲ್ಲಿ ಟ್ರೈಲರಿನ ಹಿಂಬದಿಗೆ ದಪ್ಪ ಹಲಗೆಗಳನ್ನು ಇಳಿಜಾರಾಗಿ ಒರಗಿಸಿದರು. ಲಾರಿಯ ಮುಂದಿನ ಆಕ್ಸಲಿಗೆ ಸರಪಳಿ ಬಿಗಿದು, ಕೈಯಿಂದ ಎಳೆಯುವ ಚೈನ್ ಬ್ಲಾಕಿನಲ್ಲಿ ಇಂಚು ಇಂಚಾಗಿ ಮೇಲೇರಿಸಬೇಕು. ಮಿಲ್ಲಿನ ನಾಲ್ವರು ಕೆಲಸಗಾರರು ಸಹಾಯಕ್ಕೆ ನಿಂತರು. ಅಣ್ಣ ಸ್ಟೇರಿಂಗ್ ಹಿಡಿಯಲು ಹತ್ತಿ ಕುಳಿತ.

"ಸರಪಳಿ ಜಾರಿದರೆ ಹಿಂದೆ ಬರುತ್ತದೆ. ಬ್ರೇಕ್ ಹಿಡಿದುಕೊಳ್ಳಬೇಕು ಸುಂದರಣ್ಣ. ಬ್ರೇಕ್ ಉಂಟಲ್ಲ?" ಎಂದು ಹಮೀದ್ ಕೇಳಿದರು.

"ಇಲ್ಲ" ಎಂದ ಅಣ್ಣ. "ಅವತ್ತೂ ಇರಲಿಲ್ಲ."

ಮಿಲ್ಲಿನವರು ಒಬ್ಬರ ಮುಖವನ್ನೊಬ್ಬರು ನೋಡಿದರು. ಆ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಒಬ್ಬ ಸಣ್ಣಗೆ ನಕ್ಕನೆಂದೂ ನನಗೆ ತೋರಿತು. ನಾನು ನೆಲ ನೋಡಿದೆ.

ಹಮೀದ್ ನಗಲಿಲ್ಲ. ಸರಪಳಿಯ ಕೊಂಡಿಯನ್ನು ಕೈಯಲ್ಲಿ ಹಿಡಿದು ಅಂಗಾತ ಮಲಗಿ ಲಾರಿಯ ಕೆಳಗೆ ಸರಿದರು. ಕೊಂಡಿ ಸಿಕ್ಕಿಸಿದ ಸದ್ದು ಕೇಳಿತು. ಆದರೆ ಅವರು ಹೊರಗೆ ಬರಲಿಲ್ಲ. ಒಂದು ಟಾರ್ಚ್ ಕೇಳಿದರು. ಬಹಳ ಹೊತ್ತು ಒಳಗೇ ಇದ್ದರು. (ಬಹಳ ಹೊತ್ತು ಎಂಬುದು ನನ್ನ ಲೆಕ್ಕ, ಎರಡು ಮೂರು ನಿಮಿಷ ಇದ್ದೀತು.)

ಅಲ್ಲಿಂದಲೇ ಅವರ ದನಿ ಬಂತು. "ಸುಂದರಣ್ಣ, ಪೈಪ್ ಹಿಡಿದುಕೊಳ್ಳುವ ಕ್ಲಿಪ್ ಎಲ್ಲಿ?"

"ಬಿದ್ದುಹೋಗಿತ್ತು."

"ಅದೇ. ಪೈಪ್ ನೇತಾಡಿ ಸ್ಪ್ರಿಂಗ್ ಪ್ಲೇಟಿಗೆ ಉಜ್ಜಿ ಉಜ್ಜಿ ತೆಳ್ಳಗಾಗಿದೆ. ಅಲ್ಲೇ ಒಡೆದದ್ದು." "ಈ ಲಾರಿಯ ಡ್ರೈವರ್ ನಿದ್ರೆ ಹೋಗಿದ್ದ ಅಂತ ಹೇಳಿದ್ದು ಯಾರು?"



ಹಮೀದ್ ಹೊರಬಂದು ಬೆನ್ನಿನ ಮರದ ಹುಡಿ ಕೊಡವಿಕೊಂಡರು. "ಚಾಸಿಸಿನ ಒಳಮೈ ನೋಡಿ. ಬ್ರೇಕ್ ಎಣ್ಣೆ ಬಿದ್ದಲ್ಲಿ ಪೈಂಟ್ ನಿಲ್ಲುವುದಿಲ್ಲ. ಇಲ್ಲಿ ಬೀಸಿ ಹೊಡೆದ ಹಾಗೆ ಇಷ್ಟುದ್ದ ಪೈಂಟ್ ಎದ್ದುಹೋಗಿದೆ. ನಿಂತ ಲಾರಿಯಲ್ಲಿ ಸೋರಿದರೆ ಕೆಳಗೆ ತೊಟ್ಟಿಕ್ಕುತ್ತದೆ, ಅಷ್ಟೆ. ಹೀಗೆ ಚಿಮ್ಮಬೇಕಾದರೆ ಪೆಡಲನ್ನು ಯಾರೋ ಇದ್ದ ಬಲವೆಲ್ಲ ಹಾಕಿ ಒತ್ತಿರಬೇಕು. ನಿದ್ರೆಯಲ್ಲಿ ಯಾರು ಒತ್ತುತ್ತಾರೆ ಮಾಷ್ಟ್ರೇ?"

ಅಣ್ಣ ಲಾರಿಯಿಂದ ಇಳಿದಿದ್ದ. ಅವನ ಮುಖದಲ್ಲಿ ಗೆದ್ದ ಭಾವವನ್ನು ನಾನು ನಿರೀಕ್ಷಿಸಿದ್ದೆ. ಇರಲಿಲ್ಲ. ಬೀಡಿ ಹಚ್ಚಿದ.

"ಕ್ಲಿಪ್ ಬಿದ್ದದ್ದನ್ನು ನೋಡದ್ದು ನನ್ನದೇ ತಪ್ಪು. ಅದಕ್ಕೆ ದಂಡ ಹಾಕಿದ್ದರೆ ನನಗೆ ಏನೂ ಬೇಸರ ಇರಲಿಲ್ಲ. ನಿದ್ರೆಗೆ ಹಾಕಿದರಲ್ಲ" ಎಂದ. ಅನಂತರ ನನ್ನ ಕಡೆ ತಿರುಗಿದ. "ಈಗಲಾದರೂ ನೋಡುತ್ತೀಯಾ?"

ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿಯೇ ಮರದ ಹುಡಿಯ ಮೇಲೆ ಮಲಗಿ ಒಳಗೆ ಸರಿದೆ. ಟಾರ್ಚ್ ಬಿಟ್ಟೆ. ಬೆರಳಿನ ದಪ್ಪವೂ ಇಲ್ಲದ ಒಂದು ಪೈಪು. ಅದರಲ್ಲೊಂದು ಸೀಳು; ಸುತ್ತ ತುಕ್ಕು. ಅದರಾಚೆ, ಬಣ್ಣವೆದ್ದು ಬರಿ ಕಬ್ಬಿಣ ಕಾಣುವ ಒಂದು ಉದ್ದನೆಯ ಕಲೆ. ಇದನ್ನು ಅರ್ಥ ಮಾಡಿಕೊಳ್ಳಲು ಮೆಕ್ಯಾನಿಕ್ ಆಗಬೇಕಾಗಿರಲಿಲ್ಲ. ಬಗ್ಗಿದ್ದರೆ ಸಾಕಿತ್ತು.

ಲಾರಿಯನ್ನು ಅವನು ಏಕೆ ರಿಪೇರಿ ಮಾಡಿಸಲಿಲ್ಲ, ಏಕೆ ಮಾರಲಿಲ್ಲ ಎಂಬುದು ಆ ಕ್ಷಣ ತಿಳಿಯಿತು. ರಿಪೇರಿಗೆ ಕೊಟ್ಟರೆ ಮೊದಲು ಬಿಚ್ಚಿ ಬಿಸಾಡುವುದು ಆ ಪೈಪನ್ನು. ಯಾರಾದರೂ ಒಬ್ಬರು ಬಂದು ನೋಡುವವರೆಗೆ ಅವನು ಅದನ್ನು ಹಾಗೆಯೇ ಇಟ್ಟುಕೊಂಡಿದ್ದ. ಆ ಯಾರಾದರೂ ಒಬ್ಬ ನಾನಾಗಬೇಕೆಂದು ಎರಡು ವರ್ಷ ಕಾದಿದ್ದ.

ಬ್ರೇಕ್ ಇಲ್ಲದ ಲಾರಿಯನ್ನು ಏರಿಸುವಾಗ ಪ್ರತಿ ಅಡಿಗೂ ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡಬೇಕು. ಆ ಕೆಲಸ ನಾನು ಮಾಡಿದೆ. ಎರಡೂವರೆ ತಾಸು ಹಿಡಿಯಿತು.

ದಾರಿಯಲ್ಲಿ ಬದಿಯಡ್ಕದ ಹತ್ತಿರ ಚಹಾಕ್ಕೆ ನಿಂತಾಗ ಅಂಗಡಿಯಾತ ಕೇಳಿದ. "ಎಂತ, ಗುಜರಿಗಾ?"

"ಅಲ್ಲ, ಮನೆಗೆ" ಎಂದ ಅಣ್ಣ.

"ಗುಜರಿ ಅಂತೆ! ಲಾರಿಯ ಮೇಲೆ ಕೂತು ಬರುವ ಲಾರಿ ನಿಮ್ಮ ಊರಿನಲ್ಲಿ ಎಷ್ಟು ಉಂಟು?" ಎಂದು ಹಮೀದ್ ಅವನನ್ನು ಗದರಿಸಿದರು. ಮತ್ತೆ ಅಲ್ಲಿದ್ದ ಇಬ್ಬರು ಜೀಪು ಡ್ರೈವರುಗಳಿಗೆ ಆ ಪೈಪಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ನಾನು ಎರಡು ವರ್ಷದಲ್ಲಿ ಒಬ್ಬರಿಗೂ ಹೇಳದ್ದನ್ನು ಆ ಮನುಷ್ಯ ಒಂದು ಗ್ಲಾಸು ಚಹಾದೊಳಗೆ ಹೇಳಿ ಮುಗಿಸಿದರು.

ನಮ್ಮಂಥ ಮನೆಗಳಲ್ಲಿ ಓದಿದವನು ಒಬ್ಬನೇ ಇರುತ್ತಾನೆ. ಸರಕಾರದ ಕಾಗದ ಬಂದರೆ ಅವನ ಕೈಗೆ ಕೊಡುತ್ತಾರೆ. ಅವನು ಓದಿ ಏನು ಹೇಳುತ್ತಾನೋ ಅದೇ ತೀರ್ಮಾನ. ಆತ ತನ್ನ ಮರ್ಯಾದೆಗೆ ಹತ್ತಿರವಾದ ದಾರಿಯನ್ನು ಹುಡುಕಿ, ಅದಕ್ಕೆ ವಿವೇಕವೆಂದು ಹೆಸರಿಡುತ್ತಾನೆ. ಸಹಿ ಹಾಕುವವರು ಬೇರೆ. ಇಂಥ ವಿವೇಕ ಎಷ್ಟು ಮನೆಗಳಲ್ಲಿ ನಡೆದಿದೆಯೋ ನಾನರಿಯೆ. ನಮ್ಮ ಮನೆಯಲ್ಲಿ ನಡೆಯಿತು. ಒಪ್ಪಿಕೊಂಡದ್ದನ್ನು ಹಿಂದೆಗೆದುಕೊಳ್ಳಬಹುದೇ ಎಂದು ಸೋಮವಾರ ಅದೇ ಲಾಯರನ್ನು ಕೇಳಿದೆ. ಅವರು ನಕ್ಕು ತಲೆಯಲ್ಲಾಡಿಸಿದರು. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ: ಪುತ್ತಿಗೆಯ ಸುಂದರ ಆ ಮಧ್ಯಾಹ್ನ ಎಚ್ಚರವಾಗಿದ್ದ.

ಇಷ್ಟು ಬರೆದರೆ ನನ್ನ ಭಾಗ ತೀರಿತೆಂದುಕೊಂಡಿದ್ದೆ. ತೀರಲಿಲ್ಲ. ಆ ಭಾನುವಾರ ಲಾರಿಯನ್ನು ನಮ್ಮ ಅಂಗಳದಲ್ಲಿ ಇಳಿಸಿ ಹಮೀದ್ ಹೊರಟುಹೋದ ಮೇಲೆ ಅಣ್ಣ ಜಗಲಿಯಲ್ಲಿ ಕುಳಿತು ಕೈಯ ಗ್ರೀಸು ಒರೆಸುತ್ತಿದ್ದ. ನಾನು ಹತ್ತಿರ ಹೋಗಿ, "ಅಣ್ಣ, ನಾನು ನಂಬುತ್ತೇನೆ" ಎಂದೆ.

"ಯಾವಾಗಿನಿಂದ? ಪೈಪ್ ನೋಡಿದ ಮೇಲೆಯಾ?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

ಕಣ್ಣಾರೆ ಕಂಡ ಮೇಲೆ ನಂಬುವುದಕ್ಕೆ ತಮ್ಮನೇ ಏಕೆ ಬೇಕು?